ಅರಳುಮರಳು ಎಂದು ಬಿಡುವ ಮುನ್ನ ನೂರು ಪುಟದ ಒಂದು ನೋಟ್‌ಬುಕ್ ತನ್ನಿ

‘ಅರವತ್ತಕ್ಕೆ ಅರಳುಮರಳು’ ಎಂಬ ಮಾತಿನಿಂದ ನಮ್ಮ ಮನೆಗಳಲ್ಲಿ ಆಗಿರುವ ನಷ್ಟ ಸಣ್ಣದಲ್ಲ. ಆ ಮಾತು ಬಾಯಿಗೆ ಬಂದ ಕೂಡಲೇ ಕಾರಣ ಹುಡುಕುವ ಕೆಲಸ ನಿಂತುಹೋಗುತ್ತದೆ. ಅಜ್ಜಿ ಸಾರಿಗೆ ಎರಡೆರಡು ಸಲ ಉಪ್ಪು ಹಾಕಿದರೆ ‘ವಯಸ್ಸಾಯ್ತು’. ಮಾವ ಸ್ನಾನಕ್ಕೆ ಬರಲ್ಲ ಅಂದರೆ ‘ಹಠ’. ರಾತ್ರಿ ಚಿಲಕ ತೆಗೆದು ಹೊರಟರೆ ‘ತಲೆ ಕೆಟ್ಟಿದೆ’. ಮೂರರ ಹಿಂದೆಯೂ ಒಂದೊಂದು ಕಾರಣ ಇರುತ್ತದೆ, ಮೂರಕ್ಕೂ ಮನೆಯಲ್ಲೇ ಏನಾದರೂ ಮಾಡಬಹುದು.

ದೇಶದಲ್ಲಿ ಅರವತ್ತು ದಾಟಿದವರಲ್ಲಿ ನೂರಕ್ಕೆ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನಕ್ಕೆ ಡಿಮೆನ್ಷಿಯಾ (ನೆನಪು, ಬುದ್ಧಿ ಕುಂದುತ್ತಾ ಹೋಗುವ ತೊಂದರೆ) ಇದೆ ಎಂದು 2023ರಲ್ಲಿ ಪ್ರಕಟವಾದ, ಹಿರಿಯರ ಕುರಿತ ರಾಷ್ಟ್ರೀಯ ಅಧ್ಯಯನ ಲಾಸಿ-ಡ್ಯಾಡ್ ಅಂದಾಜಿಸಿದೆ. ಗಂಡಸರಿಗಿಂತ ಹೆಂಗಸರಲ್ಲಿ, ಪೇಟೆಗಿಂತ ಹಳ್ಳಿಗಳಲ್ಲಿ ಹೆಚ್ಚು. ಇವರಲ್ಲಿ ಬಹುಪಾಲು ಜನರನ್ನು ನೋಡಿಕೊಳ್ಳುತ್ತಿರುವವರು ಮನೆಯವರೇ: ಹೆಂಡತಿ, ಸೊಸೆ, ಮಗಳು. ಈ ಬರಹ ಅವರಿಗೆ.

ಮೊದಲು ಒಂದು ವಿಷಯ ಸ್ಪಷ್ಟವಾಗಲಿ. ಡಿಮೆನ್ಷಿಯಾ ಎಂಬುದು ಲಕ್ಷಣಗಳ ಗುಂಪಿನ ಹೆಸರು. ಅದರ ಹಿಂದೆ ಆಲ್ಝೈಮರ್ ಇರಬಹುದು, ಸಣ್ಣಸಣ್ಣ ಸ್ಟ್ರೋಕ್‌ಗಳಿರಬಹುದು, ಮಿದುಳಿನ ಕೋಶಗಳಲ್ಲಿ ಪ್ರೋಟೀನ್ ಉಂಡೆಕಟ್ಟುವ ಲೂಯಿ ಬಾಡಿ ರೋಗವಿರಬಹುದು. ಕೆಲವೊಮ್ಮೆ ಡಿಮೆನ್ಷಿಯಾದಂತೆಯೇ ಕಾಣುವ, ಆದರೆ ಚಿಕಿತ್ಸೆಗೆ ಬಗ್ಗುವ ಬೇರೆ ಏನೋ ಇರುತ್ತದೆ. ಹಾಗಾಗಿ ‘ಮರೆವಿನ ಮಾತ್ರೆ’ ಬರೆಸಿಕೊಂಡು ಬರುವ ಮುಂಚೆ ಈ ಪರೀಕ್ಷೆಗಳು ಆಗಿವೆಯೇ ಕೇಳಿ: ಹಿಮೋಗ್ಲೋಬಿನ್, ಬಿ12, ಥೈರಾಯ್ಡ್, ಸಕ್ಕರೆ, ಸೋಡಿಯಂ, ಕಿಡ್ನಿ, ಲಿವರ್, ಜೊತೆಗೆ ತಲೆಯ ಸಿಟಿ ಅಥವಾ ಎಂಆರ್‌ಐ. ಸಸ್ಯಾಹಾರಿ ಮನೆಗಳಲ್ಲಿ ಬಿ12 ಕೊರತೆ ಸಾಮಾನ್ಯ. ಬಿಪಿಗೆ ಕೊಡುವ ಕೆಲವು ನೀರಿಳಿಸುವ ಮಾತ್ರೆಗಳಿಂದ ಸೋಡಿಯಂ ಇಳಿದು ಮನುಷ್ಯ ಮಂಕಾಗುತ್ತಾನೆ. ತಿಂಗಳ ಹಿಂದೆ ಬಚ್ಚಲಲ್ಲಿ ಜಾರಿ ಬಿದ್ದದ್ದನ್ನು ಎಲ್ಲರೂ ಮರೆತಿರುತ್ತಾರೆ, ಆದರೆ ತಲೆಬುರುಡೆಯೊಳಗೆ ರಕ್ತ ಮೆಲ್ಲಗೆ ಕೂಡಿಕೊಳ್ಳುತ್ತಿರುತ್ತದೆ. ಸ್ಕ್ಯಾನ್ ಇಲ್ಲದೆ ಅದು ಗೊತ್ತಾಗುವುದಿಲ್ಲ. ನಡಿಗೆ ಕಾಲೆಳೆದಂತಾಗಿ, ಮೂತ್ರ ಹಿಡಿತ ತಪ್ಪಿ, ಮರೆವೂ ಬಂದಿದ್ದರೆ ಮೂರನ್ನೂ ಒಟ್ಟಿಗೆ ಹೇಳಿ. ಮಿದುಳಿನಲ್ಲಿ ನೀರು ತುಂಬುವ ಒಂದು ಸ್ಥಿತಿ ಹೀಗೇ ಕಾಣಿಸಿಕೊಳ್ಳುತ್ತದೆ, ಕೆಲವರಿಗೆ ಅದಕ್ಕೆ ಶಸ್ತ್ರಚಿಕಿತ್ಸೆಯೂ ಇದೆ. ಖಿನ್ನತೆ ಮತ್ತು ಕಿವುಡು, ಇವೆರಡನ್ನೂ ಮರೆವು ಎಂದು ತಪ್ಪು ತಿಳಿಯುವುದು ದಿನನಿತ್ಯದ ಸಂಗತಿ.

ಜ್ಞಾಪಕದ ಪರೀಕ್ಷೆಯ ಬಗ್ಗೆಯೂ ಒಂದು ಮಾತು. ಶಾಲೆಯ ಮೆಟ್ಟಿಲು ಹತ್ತದವರಿಗೆ ‘ಒಂದು ವಾಕ್ಯ ಬರೆಯಿರಿ, ಈ ಚಿತ್ರ ನೋಡಿ ಬಿಡಿಸಿ’ ಎಂದರೆ ಮಿದುಳು ಚೆನ್ನಾಗಿದ್ದರೂ ಅಂಕ ಕಡಿಮೆ ಬರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ರೂಪಿಸಿರುವ ಪರೀಕ್ಷೆಗಳ ಗುಚ್ಛ ಕನ್ನಡವೂ ಸೇರಿ ಐದು ಭಾರತೀಯ ಭಾಷೆಗಳಲ್ಲಿದೆ. ಯಾವ ಭಾಷೆಯಲ್ಲಿ ಮನೆಯಲ್ಲಿ ಜಗಳವಾಡುತ್ತಾರೋ ಆ ಭಾಷೆಯಲ್ಲೇ ಪರೀಕ್ಷೆ ಆಗಬೇಕು. ಮನೆಮಾತು ತುಳು, ಕೊಂಕಣಿ ಅಥವಾ ತೆಲುಗು ಆಗಿದ್ದರೆ ಮೊದಲೇ ಹೇಳಿಬಿಡಿ.

ಈಗ ನೋಟ್‌ಬುಕ್. ಉದ್ದಗೆರೆಯದ್ದು, ನೂರು ಪುಟ ಸಾಕು. ಆಪ್ ಬೇಡ. ಹಗಲು ಸೊಸೆ, ರಾತ್ರಿ ಮಗ, ನಡುವೆ ಹೋಮ್ ನರ್ಸ್ ನೋಡಿಕೊಳ್ಳುವ ಮನೆಯಲ್ಲಿ ಎಲ್ಲರ ಕೈಗೂ ಸಿಗುವುದು ಪುಸ್ತಕವೇ. ಎಡಗಡೆಯ ಪುಟ ದೇಹದ್ದು: ಎಷ್ಟು ಹೊತ್ತಿಗೆ ನಿದ್ದೆ, ಎಷ್ಟು ಲೋಟ ನೀರು, ಏನು ತಿಂದರು, ಮೂತ್ರ ಎಷ್ಟು ಸಲ, ಹೊಟ್ಟೆ ಹೋಯಿತೇ, ಯಾವ ಮಾತ್ರೆ ಎಷ್ಟು ಗಂಟೆಗೆ. ಬಲಗಡೆಯ ಪುಟ ನಡವಳಿಕೆಯದ್ದು. ಅದರಲ್ಲಿ ‘ತುಂಬಾ ಗಲಾಟೆ ಮಾಡಿದರು’ ಎಂದು ಬರೆದರೆ ಕೆಲಸಕ್ಕೆ ಬರುವುದಿಲ್ಲ. ಹೀಗೆ ಬರೆಯಿರಿ: ‘ಸಂಜೆ 5.50. ಪಕ್ಕದ ಮನೆಯವರು ಬಂದು ಹೋದರು. ಹಾಲ್‌ನಲ್ಲಿ ಲೈಟ್ ಹಾಕಿರಲಿಲ್ಲ. ಮನೆಗೆ ಹೋಗ್ತೀನಿ ಅಂತ ಎದ್ದರು. ಇದೇ ಮನೆ ಅಂದೆ, ಸಿಟ್ಟು ಬಂತು. ಅಂಗಳದಲ್ಲಿ ಎರಡು ಸುತ್ತು ನಡೆಸಿದೆ, ಮೂತ್ರಕ್ಕೆ ಹೋಗಿ ಬಂದರು, ಸುಮ್ಮನಾದರು.’ ಮುಂಚೆ ಏನಿತ್ತು, ಏನಾಯಿತು, ನೀವೇನು ಮಾಡಿದಿರಿ, ಆಮೇಲೇನಾಯಿತು, ಇಷ್ಟೇ. ಹತ್ತು ದಿನ ಹೀಗೆ ಬರೆದರೆ ಒಂದು ಜಾಡು ಸಿಗುತ್ತದೆ: ಗಲಾಟೆ ಎಲ್ಲ ಸಂಜೆಯೇ ಆಗುತ್ತಿದೆ, ಅಥವಾ ಹೊಟ್ಟೆ ಹೋಗದ ಮೂರನೇ ದಿನವೇ ಆಗುತ್ತಿದೆ. ವೈದ್ಯರ ಎದುರು ಐದು ನಿಮಿಷ ಸಿಕ್ಕಾಗ ಅಳುವುದಕ್ಕಿಂತ ಈ ಪುಟ ತೆರೆದು ತೋರಿಸುವುದರಿಂದ ಹೆಚ್ಚು ಕೆಲಸವಾಗುತ್ತದೆ.

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ ಒಂದೇ ವಾಕ್ಯ ಇರಲಿ: ‘ದಿಢೀರನೆ ಬದಲಾದರೆ ಅದನ್ನು ಡಿಮೆನ್ಷಿಯಾ ಎಂದು ಸುಮ್ಮನಾಗಬೇಡಿ.’ ಆಲ್ಝೈಮರ್ ತಿಂಗಳು, ವರ್ಷಗಳ ಲೆಕ್ಕದಲ್ಲಿ ಇಳಿಯುವ ರೋಗ. ಸೋಮವಾರ ಮೊಮ್ಮಗನ ಹೆಸರು ಹೇಳುತ್ತಿದ್ದವರು ಬುಧವಾರ ಗೋಡೆಯ ಮೇಲೆ ಹುಳ ಹರಿಯುತ್ತಿದೆ ಎಂದರೆ, ಇಲ್ಲವೇ ಇಡೀ ದಿನ ತೂಕಡಿಸುತ್ತಿದ್ದರೆ, ಅದಕ್ಕೆ ಡೆಲೀರಿಯಂ ಎನ್ನುತ್ತಾರೆ. ಕಾರಣ ಬಹುತೇಕ ಮಿದುಳಿನ ಆಚೆ ಇರುತ್ತದೆ: ಮೂತ್ರದ ಸೋಂಕು, ನ್ಯುಮೋನಿಯಾ, ಗಟ್ಟಿಯಾಗಿ ಕೂತ ಮಲ, ಮೂತ್ರ ಕಟ್ಟಿಕೊಂಡದ್ದು, ನೀರು ಸಾಲದ್ದು, ಸೋಡಿಯಂ ಇಳಿದದ್ದು, ಹೊಸದಾಗಿ ಶುರುವಾದ ಮಾತ್ರೆ, ಹೇಳಲಾರದ ನೋವು. ವಯಸ್ಸಾದವರಲ್ಲಿ ಸೋಂಕಿದ್ದರೂ ಜ್ವರ ಬರಲೇಬೇಕೆಂದಿಲ್ಲ, ಉರಿಯ ಮಾತೂ ಬರುವುದಿಲ್ಲ. ಹೊಟ್ಟೆ ಮುಟ್ಟಿ ನೋಡಿ, ಎಡಪುಟದಲ್ಲಿ ಕೊನೆಯ ಮಲ ಯಾವತ್ತು ಎಂದು ನೋಡಿ, ಅವತ್ತೇ ವೈದ್ಯರಿಗೆ ತೋರಿಸಿ. ಮುಖ ಅಥವಾ ಕೈ ಒಂದು ಕಡೆ ಸೋತಿದ್ದರೆ, ಮಾತು ತೊದಲಿದರೆ ಕಾಯಲೇಬೇಡಿ, ಆ ಕ್ಷಣವೇ ಆಸ್ಪತ್ರೆಗೆ ಹೊರಡಿ.

ಮಾತ್ರೆಗಳ ವಿಚಾರಕ್ಕೆ ಬಂದರೆ, ಕೊಡುವುದಕ್ಕಿಂತ ನಿಲ್ಲಿಸುವುದರಲ್ಲಿ ಹೆಚ್ಚು ಲಾಭ ಸಿಗುವ ಮನೆಗಳು ಬಹಳ. ಆಲ್ಝೈಮರ್‌ಗೆ ಕೊಡುವ ಡೊನೆಪೆಜಿಲ್, ರಿವಾಸ್ಟಿಗ್ಮಿನ್ ಮಿದುಳಿನಲ್ಲಿ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಕರಗದಂತೆ ತಡೆಯುತ್ತವೆ. ಅದೇ ಹೊತ್ತಿಗೆ ಶೀತಕ್ಕೆಂದು ಕೊಡುವ ಮಾತ್ರೆಯಲ್ಲಿ ಕ್ಲೋರ್‌ಫೆನಿರಮಿನ್, ಕಾಲುರಿಗೆ ಅಮಿಟ್ರಿಪ್ಟಿಲಿನ್, ಕೈ ನಡುಕಕ್ಕೆ ಟ್ರೈಹೆಕ್ಸಿಫೆನಿಡಿಲ್, ಮೂತ್ರ ತಡೆಯಲು ಆಕ್ಸಿಬ್ಯುಟಿನಿನ್ ನಡೆಯುತ್ತಿದ್ದರೆ ಇವು ಅದೇ ರಾಸಾಯನಿಕದ ಬಾಗಿಲು ಮುಚ್ಚುತ್ತವೆ. ತಳ ಒಡೆದ ಕೊಡಕ್ಕೆ ನೀರು ಸೇದಿ ಹಾಕಿದ ಹಾಗೆ. ಎಲ್ಲ ವೈದ್ಯರು ಬರೆದ ಎಲ್ಲ ಮಾತ್ರೆಗಳನ್ನೂ, ಮೆಡಿಕಲ್ ಶಾಪಿನಲ್ಲಿ ಸುಮ್ಮನೆ ತಂದವನ್ನೂ ಸೇರಿಸಿ ಒಂದು ಚೀಲದಲ್ಲಿ ಹಾಕಿ ಒಬ್ಬ ವೈದ್ಯರ ಮೇಜಿನ ಮೇಲೆ ಸುರಿಯಿರಿ. ನಿದ್ದೆಗೆಂದು ವರ್ಷಗಟ್ಟಲೆ ನುಂಗುತ್ತಿರುವ ಅಲ್‌ಪ್ರಜೋಲಾಂ, ಕ್ಲೊನಾಜೆಪಾಂ ಕೂಡ ಮರೆವು ಹೆಚ್ಚಿಸುತ್ತವೆ, ಬೀಳಿಸುತ್ತವೆ. ಆದರೆ ಅವನ್ನು ನೀವೇ ಒಂದೇ ದಿನಕ್ಕೆ ನಿಲ್ಲಿಸಬೇಡಿ, ಫಿಟ್ಸ್ ಬರಬಹುದು. ವಾರಗಳ ಲೆಕ್ಕದಲ್ಲಿ ವೈದ್ಯರೇ ಇಳಿಸಬೇಕು.

ಡೊನೆಪೆಜಿಲ್ ಸಾಮಾನ್ಯವಾಗಿ 5 ಮಿಲಿಗ್ರಾಂನಿಂದ ಶುರುವಾಗಿ ನಾಲ್ಕರಿಂದ ಆರು ವಾರದ ಮೇಲೆ 10ಕ್ಕೆ ಏರುತ್ತದೆ. ಭೇದಿ, ಹಸಿವಿಲ್ಲದಿರುವುದು, ಕೆಟ್ಟ ಕನಸು ಬಂದರೆ ಹೇಳಿ. ರಾತ್ರಿಯ ಮಾತ್ರೆಯನ್ನು ಬೆಳಿಗ್ಗೆಗೆ ಬದಲಿಸಿದರೆ ಎಷ್ಟೋ ಸಲ ಕನಸು ನಿಲ್ಲುತ್ತದೆ. ತಲೆ ಸುತ್ತಿ ಬಿದ್ದರೆ ನಾಡಿ ಎಣಿಸಿ, ಈ ಮಾತ್ರೆ ಹೃದಯದ ಬಡಿತ ನಿಧಾನಿಸಬಲ್ಲದು. ರಿವಾಸ್ಟಿಗ್ಮಿನ್ ಪ್ಯಾಚ್ ಹಾಕುವ ಮನೆಗಳಲ್ಲಿ ಆಗುವ ತಪ್ಪು ಒಂದೇ: ಹಳೆಯದನ್ನು ತೆಗೆಯದೆ ಹೊಸದನ್ನು ಅಂಟಿಸುವುದು. ಬೆನ್ನಿನ ಮೇಲೆ ಅಂಟಿಸಿದ್ದು ಬಟ್ಟೆಯ ಕೆಳಗೆ ಕಾಣುವುದಿಲ್ಲ, ಎರಡು ಮೂರು ಕೂಡಿಕೊಂಡರೆ ವಾಂತಿ ಶುರುವಾಗಿ ಪ್ರಾಣಕ್ಕೇ ಅಪಾಯ. ತೆಗೆದ ಪ್ಯಾಚನ್ನು ನೋಟ್‌ಬುಕ್ಕಿನ ಆ ದಿನದ ಪುಟಕ್ಕೆ ಅಂಟಿಸಿ, ಅದರ ಮೇಲೆ ಗಂಟೆ ಬರೆದ ಮೇಲೆಯೇ ಹೊಸದು ಹಾಕಿ. ಮಕ್ಕಳಿರುವ ಮನೆಯಾದರೆ ಪುಸ್ತಕ ಮೇಲಿನ ಕಪಾಟಿನಲ್ಲಿರಲಿ, ತೆಗೆದ ಪ್ಯಾಚಿನಲ್ಲೂ ಔಷಧ ಉಳಿದಿರುತ್ತದೆ. ಅದೇ ಜಾಗಕ್ಕೆ ಹದಿನಾಲ್ಕು ದಿನ ಮತ್ತೆ ಅಂಟಿಸಬಾರದು, ಚರ್ಮ ಕೆಂಪಾಗುತ್ತದೆ.

ಗಲಾಟೆಗೆಂದು ಕೊಡುವ ಆಂಟಿಸೈಕಾಟಿಕ್ (ಭ್ರಮೆ, ಉದ್ರೇಕ ತಗ್ಗಿಸುವ) ಮಾತ್ರೆಗಳ ವಿಷಯದಲ್ಲಿ ನಮ್ಮದು ಗಟ್ಟಿ ಅಭಿಪ್ರಾಯ. ಅವು ಡಿಮೆನ್ಷಿಯಾ ಇರುವವರಲ್ಲಿ ಸ್ಟ್ರೋಕ್ ಮತ್ತು ಸಾವಿನ ಅಪಾಯ ಹೆಚ್ಚಿಸುತ್ತವೆ. ಲೂಯಿ ಬಾಡಿ ರೋಗದಲ್ಲಂತೂ ಹ್ಯಾಲೊಪೆರಿಡಾಲ್‌ನಂಥವು ಮನುಷ್ಯನನ್ನು ಮರದ ಹಾಗೆ ಸೆಟೆಸಿಬಿಡಬಹುದು. ತಮಗೋ ಇತರರಿಗೋ ಹಾನಿ ಮಾಡಿಕೊಳ್ಳುವ ಹಂತ ಬಂದಾಗ ಬೇಕಾಗಬಹುದು, ಆಗಲೂ ಕಡಿಮೆ ಪ್ರಮಾಣ, ಕಡಿಮೆ ದಿನ. ‘ಯಾವಾಗ ನಿಲ್ಲಿಸಬೇಕು’ ಎಂದು ಶುರು ಮಾಡುವ ದಿನವೇ ಕೇಳಿ ಬರೆದಿಟ್ಟುಕೊಳ್ಳಿ.

ಸ್ನಾನ. ಆರೈಕೆಯಲ್ಲಿ ಹೆಚ್ಚು ಜಗಳವಾಗುವುದು ಬಚ್ಚಲುಮನೆಯ ಬಾಗಿಲಲ್ಲಿ, ಆದ್ದರಿಂದ ಇದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. ಅವರಿಗೆ ಚಳಿ, ನಾಚಿಕೆ, ಬೀಳುವ ಭಯ. ಬಿಳಿ ಟೈಲ್ಸಿನ ಮೇಲೆ ಬಿಳಿ ಸ್ಟೂಲ್ ಇಟ್ಟರೆ ಅದು ಅವರ ಕಣ್ಣಿಗೆ ಕಾಣುವುದೇ ಇಲ್ಲ. ಕಪ್ಪು ಮ್ಯಾಟ್ ಹಾಸಿದರೆ ಗುಂಡಿಯಂತೆ ಕಾಣುತ್ತದೆ. ಹಿಂದಿನಿಂದ ತಲೆಗೆ ಒಂದು ಚೊಂಬು ನೀರು ಬಿದ್ದರೆ ಎಲ್ಲಿಂದ ಬಂತೆಂದು ತಿಳಿಯದೆ ಕೈ ಎತ್ತುತ್ತಾರೆ. ನಾವು ಅದನ್ನು ‘ಹೊಡೆದರು’ ಎನ್ನುತ್ತೇವೆ.

ಮೊದಲು ಎಲ್ಲ ತಯಾರಾಗಲಿ: ಬೆನ್ನು, ಕೈ ಇರುವ ಬಣ್ಣದ ಪ್ಲಾಸ್ಟಿಕ್ ಕುರ್ಚಿ, ಮೊಣಕೈಯಲ್ಲಿ ನೋಡಿ ಹದ ಮಾಡಿದ ನೀರು, ಸೋಪು, ಎರಡು ಟವೆಲ್, ತೊಡಿಸುವ ಕ್ರಮದಲ್ಲಿ ಜೋಡಿಸಿದ ಬಟ್ಟೆ. ಒಬ್ಬರನ್ನೇ ಬಿಟ್ಟು ಟವೆಲ್ ತರಲು ಓಡಿದ ಆ ಅರ್ಧ ನಿಮಿಷದಲ್ಲೇ ಸೊಂಟದ ಮೂಳೆ ಮುರಿಯುವುದು. ‘ಸ್ನಾನ ಮಾಡ್ತೀರಾ?’ ಎಂದು ಕೇಳಿದರೆ ಉತ್ತರ ‘ಬೇಡ’ ಎಂದೇ ಬರುತ್ತದೆ. ‘ಮಾವ, ನೀರು ಕಾದಿದೆ, ಬನ್ನಿ’ ಅನ್ನಿ. ಕೂತ ಮೇಲೆ ಹೆಗಲಿಗೆ ಒಂದು ಟವೆಲ್ ಹೊದಿಸಿ, ಮಾನಕ್ಕೂ ಆಯಿತು, ಬೆಚ್ಚಗೂ ಇರುತ್ತದೆ. ಚೊಂಬನ್ನು ಅವರ ಕೈಗೇ ಕೊಡಿ, ಅಭ್ಯಾಸಬಲದಿಂದ ಕೈ ತಾನೇ ಕೆಲಸ ಮಾಡುತ್ತದೆ. ಪಾದದಿಂದ ಶುರು ಮಾಡಿ ಮೇಲಕ್ಕೆ ಬನ್ನಿ, ತಲೆ ಕೊನೆಗೆ, ಅಥವಾ ಬೇರೆ ದಿನಕ್ಕೆ. ಬಗಲು, ತೊಡೆಸಂದಿ, ಬೆರಳ ಸಂದು ಒಣಗಿಸಿ, ಬೆನ್ನಿನ ಕೆಳಗೆ, ಹಿಮ್ಮಡಿಯಲ್ಲಿ ಕೆಂಪು ಕಲೆ ಇದೆಯೇ ನೋಡಿ. ಒತ್ತಿದರೂ ಬಿಳಿಚದ ಕೆಂಪು ಬೆಡ್ ಸೋರ್‌ನ ಮೊದಲ ಗುರುತು. ವಾರಕ್ಕೆ ಎರಡು ಮೂರು ಪೂರ್ತಿ ಸ್ನಾನ ಸಾಕು, ಉಳಿದ ದಿನ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಆಯಿತು. ಸ್ನಾನವಾಗದೆ ತಿಂಡಿ ಮುಟ್ಟಬಾರದು ಎನ್ನುವ ಮನೆಗಳಲ್ಲಿ ಇದನ್ನು ಒಪ್ಪಿಸುವುದು ಕಷ್ಟ, ಗೊತ್ತು. ಸೊಸೆ ಮಾವನಿಗೆ ಸ್ನಾನ ಮಾಡಿಸುವುದು ಇಬ್ಬರಿಗೂ ಹಿಂಸೆಯಾಗಿದ್ದರೆ ಆ ಕೆಲಸ ಮಗನದ್ದು, ಅವನು ಆಫೀಸಿಗೆ ಹೊರಡುವ ಮುಂಚೆ. ಎಣ್ಣೆಸ್ನಾನವಾದರೆ ಎಣ್ಣೆಯನ್ನು ಬಚ್ಚಲಿನ ಹೊರಗೆ, ಕುರ್ಚಿಯಲ್ಲಿ ಕೂರಿಸಿಯೇ ಹಚ್ಚಿ, ಪಾದಕ್ಕೆ ಹಚ್ಚಬೇಡಿ.

ಸಂಜೆಯ ಕಾಟ ಬಹಳ ಮನೆಗಳಲ್ಲಿದೆ. ಬೆಳಕು ಇಳಿಯುವ ಹೊತ್ತಿಗೆ ದಣಿವು, ನೆರಳು, ಹಸಿವು ಎಲ್ಲ ಸೇರುತ್ತವೆ. ಐದು ಗಂಟೆಗೇ ಎಲ್ಲ ದೀಪ ಹಾಕಿ, ಪರದೆ ಎಳೆಯಿರಿ; ಕಿಟಕಿ ಗಾಜಿನಲ್ಲಿ ಕಾಣುವ ತಮ್ಮದೇ ಬಿಂಬ ಅವರಿಗೆ ಅಪರಿಚಿತ ಮನುಷ್ಯ. ಮಧ್ಯಾಹ್ನ ಎರಡರ ಮೇಲೆ ಕಾಫಿ ಬೇಡ. ಧಾರಾವಾಹಿಯ ಕೂಗಾಟ ಆ ಹೊತ್ತಿಗೆ ಆರಿಸಿ, ಟಿವಿಯ ಜಗಳ ಮನೆಯೊಳಗಿನ ಜಗಳವಾಗಿ ಕೇಳಿಸುತ್ತದೆ. ‘ಮನೆಗೆ ಹೋಗ್ತೀನಿ’ ಎಂದವರಿಗೆ ಆಧಾರ್ ಕಾರ್ಡಿನ ವಿಳಾಸ ಓದಿ ಹೇಳಿ ಪ್ರಯೋಜನವಿಲ್ಲ. ‘ಅಲ್ಲಿ ಯಾರ್ಯಾರಿದ್ದಾರೆ? ಹಿತ್ತಲಲ್ಲಿ ಮರ ಇತ್ತಲ್ಲ?’ ಎಂದು ಕೇಳುತ್ತಾ ನಾಲ್ಕು ಹೆಜ್ಜೆ ಜೊತೆಗೆ ನಡೆಯಿರಿ. ಹಾಗೆ ನಡೆಯುವಾಗ ಬಾತ್‌ರೂಮಿಗೂ ಒಮ್ಮೆ ಕರೆದುಕೊಂಡು ಹೋಗಿ. ಎಷ್ಟೋ ಸಲ ‘ಮನೆಗೆ ಹೋಗಬೇಕು’ ಎಂದರೆ ಮೂತ್ರಕ್ಕೆ ಹೋಗಬೇಕು ಎಂದೇ ಅರ್ಥ.

ಊಟಕ್ಕೆ ನೇರ ಕೂರಿಸಿ, ಮುಗಿದ ಮೇಲೂ ಅರ್ಧ ಗಂಟೆ ಮಲಗಿಸಬೇಡಿ. ನೀರು ಕುಡಿದ ತಕ್ಷಣ ಕೆಮ್ಮು, ಉಂಡ ಮೇಲೆ ಗೊರಗೊರ ದನಿ ಬಂದರೆ ಆಹಾರ ಶ್ವಾಸನಾಳಕ್ಕೆ ಜಾರುತ್ತಿದೆ ಎಂದರ್ಥ. ಅಂಥವರಿಗೆ ತೆಳು ದ್ರವ ಕಷ್ಟ. ರಾಗಿ ಗಂಜಿಯ ಹದ ಸುಲಭ, ಅವಲಕ್ಕಿ, ಚೂಡಾದಂಥ ಪುಡಿಪುಡಿ ತಿಂಡಿ ಅಪಾಯ. ನುಂಗಲು ಬರುತ್ತದೋ ಇಲ್ಲವೋ ಸ್ಪೀಚ್ ಥೆರಪಿಸ್ಟ್ ನೋಡಿ ಹೇಳುತ್ತಾರೆ. ತಿಂಗಳಿಗೊಮ್ಮೆ ತೂಕ ಬರೆಯಿರಿ.

ರಾತ್ರಿ ಮಲಗುವ ಮುನ್ನ ಸಿಲಿಂಡರ್‌ನ ರೆಗ್ಯುಲೇಟರ್ ಆಫ್ ಮಾಡಿ. ಹಾಸಿಗೆಯಿಂದ ಬಾತ್‌ರೂಮಿನ ತನಕ ಸಣ್ಣ ದೀಪ ಉರಿಯಲಿ. ಹೊರಬಾಗಿಲಿಗೆ ಅವರ ಕೈ ಅಭ್ಯಾಸವಿಲ್ಲದ ಜಾಗದಲ್ಲಿ, ತೀರಾ ಕೆಳಗೆ, ಇನ್ನೊಂದು ಚಿಲಕ ಹಾಕಿಸಿ. ಆದರೆ ಒಬ್ಬರನ್ನೇ ಒಳಗೆ ಬಿಟ್ಟು ಹೊರಗಿನಿಂದ ಬೀಗ ಹಾಕಿ ಹೋಗಬೇಡಿ, ಬೆಂಕಿ ಬಿದ್ದರೆ ಅವರಿಗೆ ದಾರಿಯಿಲ್ಲ.

ಇನ್ನು ಸಂಶೋಧನೆ. ಹೊಸ ಔಷಧದ ಸುದ್ದಿ ವಾಟ್ಸಾಪಿನಲ್ಲಿ ಬಂದಾಗಲೆಲ್ಲ ‘ನಮ್ಮಮ್ಮನಿಗೆ ಆಗುತ್ತಾ?’ ಎಂಬ ಪ್ರಶ್ನೆ ಬರುತ್ತದೆ. ಅಮೆರಿಕದಲ್ಲಿ 2023ರಲ್ಲಿ ಪೂರ್ಣ ಅನುಮತಿ ಪಡೆದ ಲೆಕಾನೆಮ್ಯಾಬ್, ಆಲ್ಝೈಮರ್‌ನಲ್ಲಿ ಮಿದುಳಿನಲ್ಲಿ ಶೇಖರವಾಗುವ ಅಮಿಲಾಯ್ಡ್ ಎಂಬ ಪ್ರೋಟೀನನ್ನು ತೆಗೆಯುತ್ತದೆ. ಪ್ರಯೋಗದಲ್ಲಿ ಹದಿನೆಂಟು ತಿಂಗಳಲ್ಲಿ ಇಳಿಕೆಯ ವೇಗ ಶೇ. 27ರಷ್ಟು ತಗ್ಗಿತು, 18 ಅಂಕದ ಅಳತೆಯಲ್ಲಿ ಆ ವ್ಯತ್ಯಾಸ ಅರ್ಧ ಅಂಕಕ್ಕಿಂತ ಕಡಿಮೆ. ಅದು ತೀರಾ ಆರಂಭದ ಹಂತದವರಿಗೆ ಮಾತ್ರ, ಶುರುವಿನಲ್ಲಿ ಎರಡು ವಾರಕ್ಕೊಮ್ಮೆ ರಕ್ತನಾಳಕ್ಕೆ ಡ್ರಿಪ್, ಮಿದುಳಿನಲ್ಲಿ ಊತ, ರಕ್ತಸ್ರಾವ ಆಗುತ್ತಿದೆಯೇ ಎಂದು ಪದೇಪದೇ ಎಂಆರ್‌ಐ. ಊಟ, ಸ್ನಾನಕ್ಕೆ ಈಗಾಗಲೇ ಸಹಾಯ ಬೇಕಾದವರಿಗೆ ಅದು ಅಲ್ಲ. ಮನೆ ಮಾರಿ ಓಡುವ ಮುನ್ನ ಇಷ್ಟು ತಿಳಿದಿರಲಿ.

ನಮ್ಮ ಪಕ್ಕದಲ್ಲೇ ನಡೆಯುತ್ತಿರುವ ಕೆಲಸ ನಮಗೆ ಹೆಚ್ಚು ಮುಖ್ಯವೆನಿಸುತ್ತದೆ. ಬೆಂಗಳೂರಿನ ಐಐಎಸ್‌ಸಿ ಆವರಣದ ಮಿದುಳು ಸಂಶೋಧನಾ ಕೇಂದ್ರ, ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ, ಮಾವಿನ ತೋಟಗಳ ನಡುವಿನ ಹಳ್ಳಿಗಳಲ್ಲಿ, 45 ದಾಟಿದ ಹತ್ತು ಸಾವಿರ ಮಂದಿಯನ್ನು ವರ್ಷಗಳ ಕಾಲ ಹಿಂಬಾಲಿಸುವ ಗುರಿಯ ಅಧ್ಯಯನ ನಡೆಸುತ್ತಿದೆ. ರಕ್ತ, ಜ್ಞಾಪಕದ ಪರೀಕ್ಷೆ, ಸ್ಕ್ಯಾನ್, ಎಲ್ಲವೂ ಇದೆ. 45ರಿಂದಲೇ ಏಕೆ ಎಂದರೆ ಆಲ್ಝೈಮರ್‌ನ ಬದಲಾವಣೆ ಮರೆವು ಕಾಣುವ ಹದಿನೈದು, ಇಪ್ಪತ್ತು ವರ್ಷ ಮೊದಲೇ ಶುರುವಾಗಿರುತ್ತದೆ. ಹೈದರಾಬಾದಿನಲ್ಲಿ 648 ರೋಗಿಗಳನ್ನು ನೋಡಿ, ಈಗ ನಿಮ್ಹಾನ್ಸ್‌ನಲ್ಲಿರುವ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ಭಾಷೆ ಆಡುವವರಿಗೆ ಡಿಮೆನ್ಷಿಯಾ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಬಂದಿತ್ತು, ಅಕ್ಷರ ಬಾರದವರಲ್ಲೂ. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ 2024ರ ತಜ್ಞರ ಆಯೋಗ ಬಿಪಿ, ಸಕ್ಕರೆ, ಕೆಟ್ಟ ಕೊಲೆಸ್ಟರಾಲ್, ಕಿವುಡು, ಸರಿಪಡಿಸದ ದೃಷ್ಟಿದೋಷ, ಒಂಟಿತನ ಸೇರಿ 14 ಕಾರಣಗಳನ್ನು ಹೆಸರಿಸಿ, ಇವನ್ನೆಲ್ಲ ನಿವಾರಿಸಿದರೆ ಸುಮಾರು ಶೇ. 45ರಷ್ಟು ಡಿಮೆನ್ಷಿಯಾ ತಡೆಯಬಹುದು ಅಥವಾ ಮುಂದೂಡಬಹುದು ಎಂದು ಲೆಕ್ಕ ಹಾಕಿದೆ.

ಇದನ್ನೆಲ್ಲ ಓದಬೇಕಾದದ್ದು ಆರೈಕೆ ಮಾಡುತ್ತಿರುವವರು. ಅವರ ವಯಸ್ಸೇ 45, 50, 55. ಅತ್ತೆಯ ಬಿಪಿ ದಿನಾ ನೋಡುವ ಸೊಸೆ ತನ್ನದನ್ನು ಕೊನೆಯ ಸಲ ನೋಡಿಸಿದ್ದು ಹೆರಿಗೆಯಲ್ಲಿ. ಎಡಪುಟದ ಕೆಳಗೆ ಒಂದು ಗೆರೆ ಎಳೆದು ನಿಮ್ಮ ನಿದ್ದೆಯ ಗಂಟೆ, ನಿಮ್ಮ ಬಿಪಿಯನ್ನೂ ಬರೆಯಿರಿ. ಸತತವಾಗಿ ನಾಲ್ಕು ರಾತ್ರಿ ನಾಲ್ಕು ಗಂಟೆಗಿಂತ ಕಡಿಮೆ ಎಂದು ಕಂಡರೆ ಆ ಪುಟದ ಫೋಟೊ ತೆಗೆದು ಅಣ್ಣತಮ್ಮಂದಿರ ಗುಂಪಿಗೆ ಹಾಕಿ. ‘ಸ್ವಲ್ಪ ಸಹಾಯ ಮಾಡಿ’ ಎಂದು ಬರೆದರೆ ಕೈಮುಗಿದ ಚಿತ್ರ ಮಾತ್ರ ಬರುತ್ತದೆ. ‘ಶನಿವಾರ ರಾತ್ರಿ 9ರಿಂದ ಭಾನುವಾರ ಬೆಳಿಗ್ಗೆ 7ರವರೆಗೆ ಯಾರು ಬರುತ್ತೀರಿ? ದೂರದಲ್ಲಿರುವವರು ಆ ರಾತ್ರಿಯ ಹೋಮ್ ನರ್ಸ್ ದುಡ್ಡು ಹಾಕಿ’ ಎಂದು ಬರೆಯಿರಿ. ಮನಸ್ಸು ಕುಸಿದಾಗ ಟೆಲಿ ಮಾನಸ್ 14416, ಇಪ್ಪತ್ತನಾಲ್ಕು ಗಂಟೆಯೂ ಕನ್ನಡದಲ್ಲೂ ಸಿಗುತ್ತದೆ. ಹಿರಿಯರ ಪಿಂಚಣಿ, ಕಾನೂನು, ದೌರ್ಜನ್ಯದ ವಿಷಯಕ್ಕೆ ಎಲ್ಡರ್‌ಲೈನ್ 14567. ಬೆಂಗಳೂರಿನಲ್ಲಿ ನಿಮ್ಹಾನ್ಸ್, ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್, ಎಆರ್‌ಡಿಎಸ್‌ಐ (ಆಲ್ಝೈಮರ್ ಮತ್ತು ಸಂಬಂಧಿತ ಕಾಯಿಲೆಗಳ ಸಂಸ್ಥೆ) ಶಾಖೆ ಡಿಮೆನ್ಷಿಯಾ ಆರೈಕೆಯ ಕೆಲಸವನ್ನು ವರ್ಷಗಳಿಂದ ಮಾಡುತ್ತಿವೆ. ವಿಶ್ವ ಆರೋಗ್ಯ ಸಂಸ್ಥೆಯ ‘ಐ-ಸಪೋರ್ಟ್’ ಕೈಪಿಡಿ ಉಚಿತ.

ಕಾಗದಪತ್ರ ಮುಂದೂಡುವಂಥದ್ದಲ್ಲ. ಜಿಪಿಎ (ತಮ್ಮ ಪರವಾಗಿ ವ್ಯವಹರಿಸಲು ಇನ್ನೊಬ್ಬರಿಗೆ ಬರೆದುಕೊಡುವ ಅಧಿಕಾರಪತ್ರ) ಮಾಡಿಸಿಕೊಂಡಿದ್ದೇವೆ ಎಂದು ನಿಶ್ಚಿಂತರಾಗಿರುವವರು ಬಹಳ. ಭಾರತೀಯ ಕರಾರು ಕಾಯ್ದೆಯ 201ನೇ ಕಲಮಿನಂತೆ, ಬರೆದುಕೊಟ್ಟವರು ಬುದ್ಧಿಸ್ವಾಧೀನ ಕಳೆದುಕೊಂಡರೆ ಆ ಅಧಿಕಾರವೂ ಹೋಗುತ್ತದೆ. ಬೇಕಾದ ದಿನವೇ ಅದು ಕೈಕೊಡುತ್ತದೆ. ಆಮೇಲೆ ಉಳಿಯುವುದು ಪಾಲಕರನ್ನು ನೇಮಿಸಿ ಎಂದು ನ್ಯಾಯಾಲಯಕ್ಕೆ ಹೋಗುವ ದಾರಿ. ಆದ್ದರಿಂದ ರೋಗ ಗೊತ್ತಾದ ಮೊದಲ ತಿಂಗಳುಗಳಲ್ಲೇ, ಅವರಿಗೆ ತಿಳಿವಳಿಕೆ ಇರುವಾಗಲೇ, ಖಾತೆಗಳನ್ನು ‘ಇಬ್ಬರಲ್ಲಿ ಯಾರಾದರೂ’ ಎಂಬ ಜಂಟಿ ಖಾತೆಯಾಗಿಸಿ, ನಾಮಿನಿ ಹೆಸರು ಸರಿಪಡಿಸಿ, ವಿಲ್ ಅನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿ. ಆ ವಾರದ ವೈದ್ಯರ ಪತ್ರ ಜೊತೆಗಿದ್ದರೆ ಮುಂದೆ ಪ್ರಶ್ನೆ ಏಳುವುದು ಕಡಿಮೆ.

ನೋಟ್‌ಬುಕ್ಕಿನ ಕೊನೆಯ ಪುಟ ಹರಿದು ಕೊಡಲು. ಈ ವರ್ಷದ ಫೋಟೊ, ಎತ್ತರ, ಗುರುತಿನ ಮಚ್ಚೆ, ಆಡುವ ಭಾಷೆ, ಯಾವ ಹೆಸರು ಕೂಗಿದರೆ ತಿರುಗಿ ನೋಡುತ್ತಾರೆ, ಸಕ್ಕರೆ ಅಥವಾ ಫಿಟ್ಸ್ ಮಾತ್ರೆ ಇದೆಯೇ, ನಿಮ್ಮ ಎರಡು ಫೋನ್ ನಂಬರ್. ಜೊತೆಗೆ ಅವರು ಹೋಗಬಹುದಾದ ಜಾಗಗಳು: ಹಳೆಯ ಬಾಡಿಗೆ ಮನೆ, ಕೆಲಸ ಮಾಡಿದ ಫ್ಯಾಕ್ಟರಿಯ ಬಸ್ ಸ್ಟಾಪ್, ದೇವಸ್ಥಾನ. ಕಾಣೆಯಾದರೆ ಹದಿನೈದು ನಿಮಿಷ ಸುತ್ತಲಿನ ಬೀದಿ, ಟೆರೇಸು, ಪಕ್ಕದ ಮನೆಯ ಕಾಂಪೌಂಡು, ಸಂಪು ನೋಡಿ. ಒಬ್ಬರು ಮನೆಯಲ್ಲೇ ಇರಿ, ತಾವಾಗಿ ವಾಪಸ್ ಬರುವವರೂ ಇದ್ದಾರೆ. ಸಿಗದಿದ್ದರೆ 112ಕ್ಕೆ ಫೋನ್ ಮಾಡಿ, ಪುಟ ಹಿಡಿದು ಠಾಣೆಗೆ ಹೋಗಿ. ದೂರು ಕೊಡಲು 24 ಗಂಟೆ ಕಾಯಬೇಕೆಂಬ ನಿಯಮ ಇಲ್ಲ.